ಜಾಂಡೀಸ್ ಬಂದವರು ಕುಡಿತದಿಂದ ದೂರ ಇರುವುದು ಹೇಗೆ: ಮೊದಲ ದಿನದಿಂದ ಆರನೇ ತಿಂಗಳವರೆಗೆ

ಮಳೆಗಾಲದಲ್ಲಿ ಜಾಂಡೀಸ್, ದೀಪಾವಳಿ ಕಳೆದ ಮೇಲೆ ಮದುವೆ. ನಮ್ಮ ಮಂಗಳೂರು, ಉಡುಪಿ ಕಡೆ ವರ್ಷ ಹೀಗೇ ಉರುಳುವುದರಿಂದ ಪ್ರತಿ ಸಲ ಅದೇ ಹೊತ್ತಿಗೆ ಅದೇ ಪ್ರಶ್ನೆ ಬರುತ್ತದೆ. "ಕಣ್ಣು ಬಿಳಿ ಆಯ್ತು ಮಾರಾಯ್ರೆ, ಇನ್ನು ಒಂದು ಬಿಯರ್ ಹಾಕಬಹುದಲ್ವಾ?" ಕೇಳುವವರಲ್ಲಿ ಸುಮಾರು ಜನ ಆಗಲೇ ಹಾಕಿ ಮುಗಿಸಿರುತ್ತಾರೆ. ಈಗ ಬೇಕಾಗಿರುವುದು ಧೈರ್ಯ ಹೇಳುವ ಒಬ್ಬ ಜನ, ಅಷ್ಟೇ.

ಹೆಚ್ಚಿನವರು ಎಡವುವುದು ಇದೇ ಜಾಗದಲ್ಲಿ. ಕನ್ನಡಿ ನೋಡಿ ದಿನ ಎಣಿಸುತ್ತಾರೆ. ನಾನೂ ಹಾಗೆ ಎಡವಿದವನೇ. ನನಗೆ ಬಂದದ್ದು ಹೆಪಟೈಟಿಸ್ ಎ, ಲಿವರ್‌ಗೆ ತಗಲುವ ಒಂದು ವೈರಸ್ ಸೋಂಕು. ಐದನೇ ವಾರಕ್ಕೆ ಕಣ್ಣು ಬಿಳಿಯಾಯಿತು. ಏಳನೇ ವಾರ ಗೆಳೆಯನ ಮೆಹಂದಿಯಲ್ಲಿ ಎರಡು ಬಿಯರ್ ಕುಡಿದೆ. ಹತ್ತು ದಿನದಲ್ಲಿ ಮೂತ್ರ ಮತ್ತೆ ಹಾಲು ಹಾಕದ ಕಟ್ಟನ್ ಚಹಾದ ಬಣ್ಣಕ್ಕೆ ತಿರುಗಿತು. ಬಿಯರ್‌ನಿಂದಲೇ ಆಯಿತು ಎಂದು ಡಾಕ್ಟರ್ ಹೇಳಲಿಲ್ಲ. ಹೆಪಟೈಟಿಸ್ ಎ ಕೆಲವರಲ್ಲಿ ತಾನಾಗಿಯೇ ಮರುಕಳಿಸುತ್ತದೆ. ಆದರೆ ಅಂಥ ಹೊತ್ತಿನಲ್ಲಿ ಲಿವರ್ ಮೇಲೆ ನಾನು ಬಿಯರ್ ಸುರಿದದ್ದಂತೂ ನಿಜ. ಆ ವರ್ಷ ಎರಡು ತಿಂಗಳಲ್ಲಿ ಮುಗಿಯಬೇಕಾದ ರಜೆ ಐದು ತಿಂಗಳಿಗೆ ಎಳೆಯಿತು.

ನಾನು ಡಾಕ್ಟರ್ ಅಲ್ಲ. ಕೆಳಗೆ ಬರೆದಿರುವುದು ಡಾಕ್ಟರ ಸಲಹೆಯನ್ನು ಮನೆಯಲ್ಲಿ ತಪ್ಪದೆ ನಡೆಸುವ ಕ್ರಮ. ಹಂತಗಳ ಕ್ರಮ ಮುಖ್ಯ, ದಯವಿಟ್ಟು ಹಾರಿಸಬೇಡಿ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಒಂದು ನೋಟ್‌ಬುಕ್. ಎಲ್ಲ ರಕ್ತ ಪರೀಕ್ಷೆಯ ರಿಪೋರ್ಟ್ ತಾರೀಕಿನ ಪ್ರಕಾರ ಹಾಕಿಡಲು ಒಂದು ಫೈಲ್. ತೂಕದ ಯಂತ್ರ. ಥರ್ಮಾಮೀಟರ್. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮದ್ದುಗಳ ಪಟ್ಟಿ. ಇದರಲ್ಲಿ ಹಳ್ಳಿ ಮದ್ದು, ಕಷಾಯ, ಅರಿಷ್ಟ, ಜಿಮ್ ಪುಡಿ ಕೂಡ ಸೇರಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ನಿಮಗೆ ಎದುರು ಮಾತನಾಡುವ ಒಬ್ಬರು. ಅಕ್ಕ, ಹೆಂಡತಿ, ಅಮ್ಮ, ರೂಮ್‌ಮೇಟ್ ಯಾರಾದರೂ ಆದೀತು. "ಹೋಗಲಿ ಪಾಪ" ಎನ್ನುವವರು ಬೇಡ.

## ಹಂತ 1: ಇದು ಯಾವ ಕಾಮಾಲೆ ಎಂದು ಗೊತ್ತು ಮಾಡಿಕೊಳ್ಳಿ

ಕುಡಿತ ಎಷ್ಟು ದಿನ ದೂರ ಇಡಬೇಕು ಎಂಬುದು ಇದರ ಮೇಲೆ ನಿಂತಿದೆ. "ಜಾಂಡೀಸ್" ಎಂಬುದು ಕಾಯಿಲೆಯ ಹೆಸರಲ್ಲ, ಬಣ್ಣದ ಹೆಸರು.

ಮಳೆಗಾಲದಲ್ಲಿ ಕಲುಷಿತ ನೀರು, ಆಹಾರದಿಂದ ಬರುವುದು ಸಾಮಾನ್ಯವಾಗಿ ಹೆಪಟೈಟಿಸ್ ಎ ಅಥವಾ ಇ. ಬಾವಿ ನೀರು, ರಸ್ತೆ ಬದಿಯ ಜ್ಯೂಸಿನ ಐಸ್, ಸರಿಯಾಗಿ ಬೇಯದ ಮರುವಾಯಿ (ಚಿಪ್ಪು ಮೀನು) ಇವೆಲ್ಲ ಅದರ ದಾರಿ. ಇವು ಸಾಮಾನ್ಯವಾಗಿ ತಾವಾಗಿಯೇ ವಾಸಿಯಾಗುತ್ತವೆ. ಹೆಪಟೈಟಿಸ್ ಬಿ ಮತ್ತು ಸಿ ಬೇರೆ. ಅವು ರಕ್ತದ ಮೂಲಕ, ಹಂಚಿಕೊಂಡ ಸೂಜಿ ಬ್ಲೇಡುಗಳಿಂದ, ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತವೆ. ಬಿ ಲೈಂಗಿಕ ಸಂಪರ್ಕದಿಂದಲೂ ಸುಲಭವಾಗಿ ಹರಡುತ್ತದೆ. ಈ ಎರಡೂ ವರ್ಷಗಟ್ಟಲೆ ಸದ್ದಿಲ್ಲದೆ ಒಳಗೆ ಕುಳಿತಿರಬಲ್ಲವು.

ಹಾಗಾಗಿ ಡಾಕ್ಟರ ಹತ್ತಿರ ನೇರವಾಗಿ ಕೇಳಿ: "ಎ ಮತ್ತು ಇ ಗೆ ಐಜಿಎಂ ಪರೀಕ್ಷೆ, ಬಿ ಗೆ ಎಚ್‌ಬಿಎಸ್‌ಎಜಿ, ಸಿ ಗೆ ಆಂಟಿ ಎಚ್‌ಸಿವಿ, ಯಾವುದೆಲ್ಲ ಮಾಡಿಸಬೇಕು?" ಬರೀ ಬಿಲಿರುಬಿನ್ (ರಕ್ತದಲ್ಲಿನ ಹಳದಿ ಬಣ್ಣದ ಅಂಶ) ನೋಡಿ ಮನೆಗೆ ಬರಬೇಡಿ. ಬಿ ಮತ್ತು ಸಿ ಗೆ ಸರ್ಕಾರದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ 2018ರಿಂದ ಉಚಿತ ಪರೀಕ್ಷೆ, ಚಿಕಿತ್ಸೆ ಉಂಟು. ಮಂಗಳೂರಿನವರು ವೆನ್ಲಾಕ್‌ನಲ್ಲಿ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ನಮ್ಮ ಊರಿಗೆ ವಿಶೇಷವಾಗಿ ಬೇಕಾದ ಒಂದು ಮಾತು. ವೈರಲ್ ಹೆಪಟೈಟಿಸ್‌ನಲ್ಲಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಹೆಚ್ಚಾಗಿ ಇಳಿದಿರುತ್ತದೆ. ಕಣ್ಣು ಹಳದಿಯಾದ ಮೇಲೂ ಜ್ವರ ಜೋರಾಗಿಯೇ ಇದ್ದರೆ, ಮೀನಖಂಡ ಮುಟ್ಟಲಾಗದಷ್ಟು ನೋಯುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ, ಮೂತ್ರ ಕಮ್ಮಿಯಾಗಿದ್ದರೆ ಅದು ಇಲಿ ಜ್ವರ ಇರಬಹುದು. ಮಲೇರಿಯಾವೂ ಆಗಿರಬಹುದು. ಗದ್ದೆ, ತೋಟ, ಚರಂಡಿ ನೀರಲ್ಲಿ ಇಳಿದು ಕೆಲಸ ಮಾಡಿದ್ದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಇವುಗಳಿಗೆ ಮದ್ದು ಉಂಟು, ಆದರೆ ತಡ ಮಾಡಬಾರದು. ಕಾಮಾಲೆಗೆ ಸೊಪ್ಪಿನ ರಸ ಕುಡಿಯುತ್ತಾ ಕುಳಿತರೆ ಆ ಸಮಯ ಕಳೆದು ಹೋಗುತ್ತದೆ.

## ಯಾವ ಹಂತದಲ್ಲಿದ್ದರೂ ಆಸ್ಪತ್ರೆಗೆ ಓಡಬೇಕಾದ ಚಿಹ್ನೆಗಳು

ಇದನ್ನು ಪುಟದ ಕೊನೆಗೆ ಇಡುವುದು ನನಗೆ ಇಷ್ಟವಿಲ್ಲ. ಫ್ರಿಜ್ ಮೇಲೆ ಅಂಟಿಸಿಡಿ.

- ಮಾತು ತೊದಲುವುದು, ಹಗಲಿಡೀ ನಿದ್ದೆ ರಾತ್ರಿ ಎಚ್ಚರ, ದಿನ ವಾರ ಗೊತ್ತಾಗದಿರುವುದು, ಸುಮ್ನೆ ಸಿಟ್ಟು ಬರುವುದು
- ಕೈ ಚಾಚಿದರೆ ಅಂಗೈ ರೆಕ್ಕೆಯ ಹಾಗೆ ಬಡಿಯುವುದು
- ಒಸಡು, ಮೂಗಿನಲ್ಲಿ ರಕ್ತ, ವಾಂತಿಯಲ್ಲಿ ರಕ್ತ, ಡಾಮರಿನಂಥ ಕಪ್ಪು ಮಲ
- ನೀರೂ ನಿಲ್ಲದಷ್ಟು ವಾಂತಿ
- ಹೊಟ್ಟೆ ಉಬ್ಬುವುದು, ಕಾಲು ಊದುವುದು

ಗರ್ಭಿಣಿಯರಿಗೆ ಇಷ್ಟೂ ಕಾಯುವ ಹಾಗಿಲ್ಲ. ಹೆಪಟೈಟಿಸ್ ಇ ಕೊನೆಯ ಮೂರು ತಿಂಗಳಲ್ಲಿ ಜೀವಕ್ಕೇ ಅಪಾಯ ತರುತ್ತದೆ. ಕಣ್ಣು ಹಳದಿ ಕಂಡ ದಿನವೇ ಆಸ್ಪತ್ರೆ.

ಗೊಂದಲದ ಮಾತು ಶುರುವಾದವರನ್ನು ಬೈಕಿನಲ್ಲಿ ಕೂರಿಸಬೇಡಿ. 108ಕ್ಕೆ ಕರೆ ಮಾಡಿ.

## ಹಂತ 2: ದಿನಾ ಕುಡಿಯುವವರು, ನಿಲ್ಲಿಸುವ ಮೊದಲು ಡಾಕ್ಟರಿಗೆ ನಿಜ ಹೇಳಿ

ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಕುಡಿಯುವವರಿಗೆ ಈ ಹಂತ ಇಲ್ಲ. ಇವತ್ತೇ ನಿಲ್ಲಿಸಿ, ಮುಂದಿನ ಹಂತಕ್ಕೆ ಹೋಗಿ.

ದಿನಾ ಕುಡಿಯುವವರ ಕಥೆ ಬೇರೆ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದಾ? ಒಂದು ಪೆಗ್ ಹಾಕಿದ ಮೇಲೆ ನಡುಕ ನಿಲ್ಲುತ್ತದಾ? ಹಾಗಿದ್ದರೆ ದೇಹ ಮದ್ಯಕ್ಕೆ ಒಗ್ಗಿ ಹೋಗಿದೆ. ಅಂಥವರು ಜಾಂಡೀಸ್ ಬಂತೆಂದು ಹೆದರಿ ಒಂದೇ ದಿನದಲ್ಲಿ ಮನೆಯಲ್ಲೇ ನಿಲ್ಲಿಸಿದರೆ ಆರು ಗಂಟೆಯಿಂದ ಒಂದು ದಿನದ ಒಳಗೆ ನಡುಕ, ಬೆವರು, ನಿದ್ದೆಗೇಡು ಬರಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ಕೇಳಿಸುವುದು, ಯಾರನ್ನೂ ಗುರುತಿಸದೆ ಇರುವುದು ಶುರುವಾಗಬಹುದು. ಇದರಿಂದ ಜೀವ ಹೋಗುವುದೂ ಉಂಟು.

ಇನ್ನೂ ಕಷ್ಟದ ಸಂಗತಿ ಎಂದರೆ ಲಿವರ್ ಸೋತಾಗ ಬರುವ ಗೊಂದಲವೂ ಹೊರಗಿನಿಂದ ಹೆಚ್ಚುಕಮ್ಮಿ ಹೀಗೇ ಕಾಣುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಎಷ್ಟು ಕುಡಿಯುತ್ತಿದ್ದರು, ಕೊನೆಯ ಪೆಗ್ ಯಾವಾಗ ಎಂದು ಗೊತ್ತಿಲ್ಲದೆ ಡಾಕ್ಟರ್ ಏನು ಮಾಡಬೇಕು ಹೇಳಿ?

ಈ ಹಂತದಲ್ಲಿ ಮಾಡಬೇಕಾದದ್ದು ಹೀಗೆ. ಮೊದಲನೆಯದಾಗಿ, ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎಷ್ಟು, ಯಾವುದು, ಎಷ್ಟು ವರ್ಷದಿಂದ, ಕೊನೆಯದು ಯಾವಾಗ ಎಂದು ಬರೆಯಿರಿ. "ಸ್ವಲ್ಪ", "ಆಗಾಗ" ಎಂಬ ಪದ ಬೇಡ. ಅಂದಾಜಿಗೆ ಒಂದು ಲೆಕ್ಕ: ಒಂದು ಪೆಗ್, ಅಂದರೆ 30 ಮಿಲಿ ವಿಸ್ಕಿ, ರಮ್ ಅಥವಾ ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರ ಇರುತ್ತದೆ. ಶೇ 5ರ 650 ಮಿಲಿ ಬಿಯರ್ ಬಾಟಲಿ ಎರಡೂವರೆ ಪೆಗ್‌ಗೆ ಸಮ. ಶೇ 8ರ ಸ್ಟ್ರಾಂಗ್ ಬಿಯರ್ ನಾಲ್ಕು ಪೆಗ್‌ಗೆ ಸಮ. "ನಾನು ಬಿಯರ್ ಮಾತ್ರ" ಎನ್ನುವವರು ಆ ನಾಲ್ಕನ್ನು ಒಮ್ಮೆ ಗುಣಿಸಿ ನೋಡಿ.

ಎರಡನೆಯದಾಗಿ, ಅದೇ ದಿನ ಡಾಕ್ಟರ ಬಳಿ ಹೋಗಿ ಆ ಹಾಳೆ ಕೊಡಿ. ಬಾಯಲ್ಲಿ ಹೇಳಲು ನಾಚಿಕೆಯಾದರೆ ಹಾಳೆಯೇ ಮಾತಾಡಲಿ. ಅಗತ್ಯ ಬಿದ್ದರೆ ಕೆಲವು ದಿನ ಅಡ್ಮಿಟ್ ಮಾಡಿ, ಬಿ1 ವಿಟಮಿನ್ ಕೊಟ್ಟು, ಲಿವರ್‌ಗೆ ಹೊಂದುವ ಮದ್ದಿನಲ್ಲಿ ನಿಲ್ಲಿಸುತ್ತಾರೆ.

ಮೂರನೆಯದು ಮನೆಯವರಿಗೆ. ನಿದ್ದೆ ಬರಲಿ ಎಂದು ಮನೆಯಲ್ಲಿ ಇದ್ದ ನಿದ್ದೆ ಮಾತ್ರೆ ಕೊಡಬೇಡಿ. ಸೋತ ಲಿವರ್ ಅದನ್ನು ಬೇಗ ಹೊರ ಹಾಕುವುದಿಲ್ಲ. ಮತ್ತೆ ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. "ಗೊತ್ತಾಗದ ಹಾಗೆ ಊಟದಲ್ಲಿ ಹಾಕಿ, ಕುಡಿತ ಬಿಡುತ್ತಾರೆ" ಎಂದು ಮಾರುವ ಪುಡಿ, ಮಾತ್ರೆ ಉಂಟಲ್ಲ, ಅದರಲ್ಲಿ ಡೈಸಲ್ಫಿರಾಮ್ ಇರಬಹುದು. ಅದು ತಾನೇ ಲಿವರ್‌ಗೆ ಪೆಟ್ಟು ಕೊಡಬಲ್ಲ ಮದ್ದು. ಜಾಂಡೀಸ್ ಇದ್ದವರ ಸಾರಿಗೆ ಅದನ್ನು ಬೆರೆಸುವುದು ಪ್ರೀತಿಯಿಂದ ಮಾಡುವ ವಿಷಪ್ರಯೋಗ. ಅಂಥ ಪುಡಿ ಈಗಾಗಲೇ ಹಾಕಿದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.

ಕುಡಿತ ಬಿಡುವ ಸಹಾಯಕ್ಕೆ ಸರ್ಕಾರದ ಉಚಿತ ಸಹಾಯವಾಣಿ 14446. ಮನಸ್ಸಿನ ತಳಮಳಕ್ಕೆ ಟೆಲಿ ಮಾನಸ್ 14416.

## ಹಂತ 3: ಮನೆಯೊಳಗಿನ ಕಣ್ಣಿಗೆ ಕಾಣದ ಮದ್ಯವನ್ನು ಹೊರಗೆ ಹಾಕಿ

ಬಾಟಲಿ ಕಪಾಟಿನಿಂದ ತೆಗೆಯುವುದು ಸುಲಭ. ಗಲ್ಫ್‌ನಿಂದ ಬಂದ ಭಾವ ತಂದ ಡ್ಯೂಟಿ ಫ್ರೀ ಬಾಟಲಿ ನೆರೆಮನೆಗೆ ಹೋಗಲಿ. ಆದರೆ ಇದಾದ ಮೇಲೂ ಮದ್ಯ ಉಳಿಯುತ್ತದೆ.

ಅರಿಷ್ಟ, ಆಸವ. ಇದನ್ನು ನಾನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಕುಡಿತ ಬಿಟ್ಟು ಪಥ್ಯ ಮಾಡುತ್ತಿರುತ್ತಾರೆ, ಜೊತೆಗೆ ಲಿವರ್‌ಗೆ ಒಳ್ಳೆಯದು ಎಂದು ಅರಿಷ್ಟ ಕುಡಿಯುತ್ತಿರುತ್ತಾರೆ. ಅರಿಷ್ಟ, ಆಸವ ಎಂದರೆ ಹುಳಿ ಬರಿಸಿ ತಯಾರಿಸಿದ್ದು. ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಸಾಮಾನ್ಯವಾಗಿ ಶೇ 5ರಿಂದ 12ರ ನಡುವೆ ಇರುತ್ತದೆ. ಬಾಟಲಿಯ ಲೇಬಲ್ ಮೇಲೆಯೇ ಬರೆದಿರುತ್ತದೆ, ಸಣ್ಣ ಅಕ್ಷರದಲ್ಲಿ. ಶೇ 10ರದ್ದು 30 ಮಿಲಿಯಂತೆ ದಿನಕ್ಕೆ ಎರಡು ಸಲ ಕುಡಿದರೆ ಹೆಚ್ಚುಕಮ್ಮಿ ಅರ್ಧ ಪೆಗ್ ಆಯಿತು. ದಿನಾ. ಆಯುರ್ವೇದ ವೈದ್ಯರ ಬಳಿ ಚಿಕಿತ್ಸೆ ಮಾಡುವವರು ಮದ್ಯ ಇಲ್ಲದ ರೂಪದಲ್ಲಿ ಕೊಡಲು ಕೇಳಿ. ಹೋಮಿಯೋಪತಿಯ ಟಿಂಕ್ಚರ್‌ಗೂ ಇದೇ ಮಾತು.

ಕಳ್ಳು. "ಶೇಂದಿ ನ್ಯಾಚುರಲ್, ದೇಹಕ್ಕೆ ತಂಪು" ಎನ್ನುವವರು ನಮ್ಮಲ್ಲಿ ಜಾಸ್ತಿ. ಲಿವರ್‌ಗೆ ಮರದಿಂದ ಇಳಿದದ್ದು, ಕಾರ್ಖಾನೆಯಿಂದ ಬಂದದ್ದು ಎಂಬ ಭೇದ ಗೊತ್ತಿಲ್ಲ. ಹುಳಿ ಬಂದು ಮದ್ಯಸಾರ ಶೇ 5ರಷ್ಟಾದ ಒಂದು ಲೀಟರ್ ಕಳ್ಳು ನಾಲ್ಕು ಪೆಗ್‌ಗೆ ಸಮ. ಹೊತ್ತು ಏರಿದ ಹಾಗೆ ಅದು ಇನ್ನೂ ಹುಳಿಯುತ್ತಾ ಹೋಗುತ್ತದೆ. ನೀರಾ ಬೇರೆ, ಆದರೆ ತಣ್ಣಗೆ ಇಡದಿದ್ದರೆ ಕೆಲವೇ ಗಂಟೆಯಲ್ಲಿ ಅದೂ ಕಳ್ಳೇ. ಈ ಆರು ತಿಂಗಳು ಬೊಂಡ (ಎಳನೀರು) ಕುಡಿಯಿರಿ, ರಗಳೆ ಇಲ್ಲ. ಕಳ್ಳು ಹಾಕಿ ಹುಳಿ ಬರಿಸಿದ, ಇಡ್ಲಿಯಂಥ ಸನ್ನಾ ತಿನ್ನಬಹುದಾ ಎಂದು ಕೇಳುತ್ತಾರೆ. ಆವಿಯಲ್ಲಿ ಬೇಯುವಾಗ ಮದ್ಯಸಾರದ ಹೆಚ್ಚಿನ ಪಾಲು ಹಾರಿ ಹೋಗುತ್ತದೆ. ನಾಲ್ಕು ಸನ್ನಾಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನೋವಿನ ಮಾತ್ರೆ. ಇದರಲ್ಲಿ ಮದ್ಯ ಇಲ್ಲ, ಆದರೂ ಇದೇ ಪಟ್ಟಿಗೆ ಸೇರಬೇಕು. ಪ್ಯಾರಾಸಿಟಮಾಲ್ ಮೈ ನೋವಿಗೆಂದು ಲೆಕ್ಕವಿಲ್ಲದೆ ನುಂಗುತ್ತೇವೆ. ಲಿವರ್ ಸೋತಿರುವಾಗ ಡಾಕ್ಟರುಗಳು ಸಾಮಾನ್ಯವಾಗಿ ಹಾಕುವ ಮಿತಿ ದಿನಕ್ಕೆ 2 ಗ್ರಾಂ. ಎಂದರೆ 500ರ ಮಾತ್ರೆ ನಾಲ್ಕು. ಶೀತದ ಮಾತ್ರೆ, ಕೆಲವು ಸಿರಪ್‌ಗಳ ಒಳಗೂ ಅದೇ ಇರುತ್ತದೆ, ಅದೂ ಲೆಕ್ಕಕ್ಕೆ ಬರುತ್ತದೆ. ದಿನಾ ಕುಡಿಯುವವರ ಲಿವರ್ ಪ್ಯಾರಾಸಿಟಮಾಲನ್ನು ಹೆಚ್ಚು ವಿಷಕಾರಿ ರೂಪಕ್ಕೆ ತಿರುಗಿಸುತ್ತದೆ, ಆ ವಿಷವನ್ನು ಹಿಡಿಯುವ ಗ್ಲುಟಾಥಯೋನ್ ದಾಸ್ತಾನೂ ಅವರಲ್ಲಿ ಕಮ್ಮಿ ಇರುತ್ತದೆ. ಡಿಕ್ಲೋಫೆನಾಕ್, ಐಬುಪ್ರೊಫೆನ್ ಕೇಳದೆ ನುಂಗಬೇಡಿ.

ಹಳ್ಳಿ ಮದ್ದು. ಕಿರುನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿದರೆ ಜಾಂಡೀಸ್ ಹೋಯಿತು ಎನ್ನುತ್ತಾರೆ. ಹೆಪಟೈಟಿಸ್ ಎ, ಇ ಏನೂ ಕುಡಿಯದೆ ಇದ್ದರೂ ಹೋಗುತ್ತದೆ, ಹೆಸರು ಮಾತ್ರ ಸೊಪ್ಪಿಗೆ ಬರುತ್ತದೆ. ನನ್ನ ತಕರಾರು ಸೊಪ್ಪಿನ ಮೇಲೆ ಕಮ್ಮಿ, "ಮದ್ದು ಆಗಿದೆ, ಇನ್ನು ಕುಡಿಯಬಹುದು" ಎಂಬ ಧೈರ್ಯದ ಮೇಲೆ ಜಾಸ್ತಿ. ಹೆಸರು ಹೇಳದೆ ಕೊಡುವ ಪುಡಿ, ಕಣ್ಣಿಗೆ ಬಿಡುವ ರಸ, ಕೈಗೆ ಬರೆ ಇವನ್ನು ಮಾತ್ರ ದೂರ ಇಡಿ. ಅಮೃತಬಳ್ಳಿಯಿಂದಲೂ ಕೆಲವರ ಲಿವರ್ ಕೆಟ್ಟ ವರದಿಗಳು ನಮ್ಮ ದೇಶದಲ್ಲೇ ಬಂದಿವೆ. ಆಟಿ ಅಮಾವಾಸ್ಯೆಯ ಪಾಲೆ ಕೆತ್ತೆ (ಹಾಲೆ ಮರದ ತೊಗಟೆ) ಕಷಾಯವನ್ನೂ ಈ ವರ್ಷ ಮನೆಯ ಉಳಿದವರು ಕುಡಿಯಲಿ, ನೀವು ಮೆಂತೆ ಗಂಜಿ ಉಣ್ಣಿ.

ಊಟದ ಬಗ್ಗೆ ಎರಡೇ ಸಾಲು. ಉಪ್ಪು, ಎಣ್ಣೆ, ಮೀನು ಎಲ್ಲ ಬಿಟ್ಟು ತಿಂಗಳುಗಟ್ಟಲೆ ಬರೀ ಗಂಜಿ ಉಣ್ಣಬೇಕಿಲ್ಲ, ಲಿವರ್ ಮತ್ತೆ ಕಟ್ಟಿಕೊಳ್ಳಲು ಪ್ರೋಟೀನ್ ಬೇಕು. ವಾಕರಿಕೆ ಇರುವಷ್ಟು ದಿನ ಎಣ್ಣೆ ಕಮ್ಮಿ ಮಾಡಿ, ಆಮೇಲೆ ಕುಚ್ಚಲಕ್ಕಿ ಅನ್ನ, ಮೀನು ಸಾರು, ಮೊಟ್ಟೆ, ಬೇಳೆ ಎಲ್ಲ ಉಣ್ಣಿ.

## ಹಂತ 4: ಕನ್ನಡಿ ಬಿಡಿ, ರಿಪೋರ್ಟ್ ಓದಿ

ಬಿಲಿರುಬಿನ್ ಸುಮಾರು 2ರಿಂದ 3 ಮಿಲಿಗ್ರಾಂ ದಾಟಿದರೆ ಮಾತ್ರ ಕಣ್ಣಿನಲ್ಲಿ ಹಳದಿ ಕಾಣುತ್ತದೆ. ನಾರ್ಮಲ್ ಮಿತಿ ಸುಮಾರು 1.2. ಹಾಗಾದರೆ ಕಣ್ಣು ಬಿಳಿಯಾದ ದಿನ ಬಿಲಿರುಬಿನ್ ನಾರ್ಮಲ್ ಆಗಿರಬೇಕೆಂದೇನೂ ಇಲ್ಲ. ಒಳಗೆ ಲಿವರ್ ಕೋಶಗಳು ಇನ್ನೂ ಒಡೆಯುತ್ತಿರಬಹುದು. ಅದನ್ನು ತೋರಿಸುವುದು ಎಸ್‌ಜಿಪಿಟಿ, ಎಸ್‌ಜಿಒಟಿ. ಕೋಶ ಒಡೆದಾಗ ಒಳಗಿನ ಈ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ವೈರಸ್ ಜೋರಾಗಿದ್ದಾಗ ಇವು ಸಾವಿರ ದಾಟುವುದುಂಟು. ನಾರ್ಮಲ್ ಮಿತಿ ಸುಮಾರು 40, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಬದಲಾಗುತ್ತದೆ. ಅದಕ್ಕೇ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ.

ರಿಪೋರ್ಟ್ ಕೈಗೆ ಬಂದಾಗ ಈ ಕ್ರಮದಲ್ಲಿ ನೋಡಿ.

1. ಮೊದಲು ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಪಿಟಿ ಐಎನ್‌ಆರ್. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಮಾಡುವುದು ಲಿವರ್. ಐಎನ್‌ಆರ್ ಏರುತ್ತಿದ್ದರೆ ಲಿವರ್ ಕೆಲಸ ಮಾಡಲು ಸೋಲುತ್ತಿದೆ ಎಂದು ಅರ್ಥ. ತುಂಬ ಜನ ಈ ಪರೀಕ್ಷೆ ಮಾಡಿಸುವುದೇ ಇಲ್ಲ.
2. ಆಮೇಲೆ ಬಿಲಿರುಬಿನ್.
3. ಆಮೇಲೆ ಎಸ್‌ಜಿಪಿಟಿ, ಎಸ್‌ಜಿಒಟಿ. ವೈರಸ್‌ನಿಂದಾದ ಏಟಿನಲ್ಲಿ ಸಾಮಾನ್ಯವಾಗಿ ಎಸ್‌ಜಿಪಿಟಿ ಮುಂದಿರುತ್ತದೆ. ಎಸ್‌ಜಿಒಟಿ ಅದರ ಎರಡು ಪಟ್ಟು ದಾಟಿ ನಿಂತರೆ ಡಾಕ್ಟರ್ ಕುಡಿತದ ಬಗ್ಗೆ ಮತ್ತೆ ಕೇಳುತ್ತಾರೆ. ಜಿಜಿಟಿ ಎಂಬ ಇನ್ನೊಂದು ಕಿಣ್ವ ಕೂಡ ಮದ್ಯಕ್ಕೆ ಏರುತ್ತದೆ. ಅಂದರೆ ನೀವು ಸುಳ್ಳು ಹೇಳಿದರೂ ರಕ್ತ ಚಾಡಿ ಹೇಳಬಹುದು.
4. ಕೊನೆಗೆ ಆಲ್ಬುಮಿನ್, ಲಿವರ್ ತಯಾರಿಸುವ ಒಂದು ಪ್ರೋಟೀನ್.

ಇಲ್ಲೊಂದು ಬಲೆ ಉಂಟು. ಎಸ್‌ಜಿಪಿಟಿ ಎರಡು ಸಾವಿರದಿಂದ ಇನ್ನೂರಕ್ಕೆ ಇಳಿದದ್ದು ಕಂಡು ಮನೆಯವರೆಲ್ಲ ಖುಷಿಪಡುತ್ತಾರೆ. ಅದೇ ಹೊತ್ತಿಗೆ ಬಿಲಿರುಬಿನ್ ಮತ್ತು ಐಎನ್‌ಆರ್ ಏರುತ್ತಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ. ಸೋರಲು ಉಳಿದ ಕೋಶಗಳೇ ಕಮ್ಮಿಯಾಗಿರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಿ.

ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಎಂದು ಡಾಕ್ಟರ್ ಹೇಳುತ್ತಾರೆ. ಹಳದಿ ಇರುವಾಗ ವಾರ ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಎಂಬುದು ಸಾಮಾನ್ಯ. ಆರಾಮ ಆಯಿತು ಎಂದು ಕೊನೆಯ ಎರಡು ಪರೀಕ್ಷೆ ತಪ್ಪಿಸುವುದೇ ನಮ್ಮವರ ಅಭ್ಯಾಸ. ನಾನು ತಪ್ಪಿಸಿದ್ದೂ ಅದನ್ನೇ.

## ಹಂತ 5: ದಿನದ ಲೆಕ್ಕ ಶುರು ಮಾಡಿ

ಹೆಪಟೈಟಿಸ್ ಎ, ಇ. ಲೆಕ್ಕ ಶುರುವಾಗುವುದು ಮೊದಲ ನಾರ್ಮಲ್ ರಿಪೋರ್ಟಿನ ದಿನದಿಂದ. ಕನಿಷ್ಠ ಒಂದು ತಿಂಗಳ ಅಂತರದಲ್ಲಿ ಎರಡು ರಿಪೋರ್ಟ್ ನಾರ್ಮಲ್ ಬರಬೇಕು, ಡಾಕ್ಟರ್ ಒಪ್ಪಬೇಕು. ಎಷ್ಟು ತಿಂಗಳು ಎನ್ನುವುದರಲ್ಲಿ ಡಾಕ್ಟರುಗಳಲ್ಲೇ ವ್ಯತ್ಯಾಸ ಉಂಟು. ಕೆಲವರು ಮೂರು ಎನ್ನುತ್ತಾರೆ, ತುಂಬ ಜನ ಆರು ಎನ್ನುತ್ತಾರೆ. ನನ್ನನ್ನು ಕೇಳಿದರೆ ಆರು. ಎ ಮರುಕಳಿಸುವುದಾದರೂ ಹೆಚ್ಚಿನವರಲ್ಲಿ ಆ ಆರು ತಿಂಗಳೊಳಗೆ ಮುಗಿದಿರುತ್ತದೆ.

ಹೆಪಟೈಟಿಸ್ ಬಿ. ಆರನೇ ತಿಂಗಳಿಗೆ ಎಚ್‌ಬಿಎಸ್‌ಎಜಿ ಮತ್ತೆ ಮಾಡಿಸಿ. ನೆಗೆಟಿವ್ ಬಂದರೆ ವೈರಸ್ ಹೋಗಿದೆ ಎಂದು ಲೆಕ್ಕ. ದೊಡ್ಡವರಾದ ಮೇಲೆ ಸೋಂಕಿದವರಲ್ಲಿ ಹೆಚ್ಚಿನವರಿಗೆ ಹೀಗೇ ಆಗುತ್ತದೆ. ಆಗಲೂ ಪಾಸಿಟಿವ್ ಇದ್ದರೆ ಅದು ದೀರ್ಘಕಾಲದ ಬಿ. ಅಲ್ಲಿಗೆ ಬಾಟಲಿಯ ಲೆಕ್ಕ ಮುಗಿಯಿತು. ವೈರಸ್ ಮತ್ತು ಮದ್ಯ ಜೊತೆ ಸೇರಿದರೆ ಸಿರೋಸಿಸ್ (ಲಿವರ್ ಗಾಯ ಕಟ್ಟಿ ಗಟ್ಟಿಯಾಗುವುದು), ಲಿವರ್ ಕ್ಯಾನ್ಸರ್ ಕಡೆ ಹೋಗುವ ದಾರಿ ಹತ್ತಿರವಾಗುತ್ತದೆ.

ಹೆಪಟೈಟಿಸ್ ಸಿ. ಈಗ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ ಸುಮಾರು ನೂರರಲ್ಲಿ ತೊಂಬತ್ತೈದು ಜನರಿಗೆ ವಾಸಿಯಾಗುತ್ತದೆ. ಮಾತ್ರೆ ಮುಗಿದು ಮತ್ತೆ 12 ವಾರದ ನಂತರ ಮಾಡುವ ವೈರಸ್ ಪರೀಕ್ಷೆ ನೆಗೆಟಿವ್ ಬಂದಾಗಲೇ ವಾಸಿ ಎಂದು ಹೇಳುವುದು. ವೈರಸ್ ಹೋದರೂ ಲಿವರ್‌ನಲ್ಲಿ ಗಾಯದ ಗಂಟು ಉಳಿದಿರಬಹುದು. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋಡುವ ಫೈಬ್ರೋಸ್ಕ್ಯಾನ್ ಮಾಡಿಸಿ. ಸಿರೋಸಿಸ್ ಇದ್ದರೆ ಜೀವನಪೂರ್ತಿ ಒಂದು ಹನಿಯೂ ಇಲ್ಲ.

## ಹಂತ 6: ಮೆಹಂದಿ, ರೋಸ್, ಅಗೆಲು

ಮದುವೆ ಮನೆಯ ಮೆಹಂದಿ, ಕ್ರೈಸ್ತರ ಮದುವೆಯ ಹಿಂದಿನ ದಿನದ ರೋಸ್, ದೈವಕ್ಕೆ ಊಟ ಬಡಿಸುವ ಅಗೆಲು. ಇಲ್ಲಿ ಸೋಲುವಷ್ಟು ಜನ ಬೇರೆಲ್ಲೂ ಸೋಲುವುದಿಲ್ಲ. "ಒಂಜಿ ಪೆಗ್, ದಾಲ ಆಪುಜಿ ಮಾರಾಯ" (ಒಂದು ಪೆಗ್, ಏನೂ ಆಗುವುದಿಲ್ಲ ಮಾರಾಯ) ಎಂಬ ಮಾತಿಗೆ ಲಿವರ್ ವಿಜ್ಞಾನದಿಂದ ಉತ್ತರ ಕೊಡಲು ಹೋಗಬೇಡಿ. ಎರಡನೇ ಪೆಗ್ ಆದವನ ಜೊತೆ ವಾದ ಗೆದ್ದವರು ಯಾರೂ ಇಲ್ಲ.

ನನಗೆ ಕೆಲಸ ಮಾಡಿದ ಕ್ರಮ ಹೀಗಿದೆ. ಕರೆದವರಿಗೆ ಹಿಂದಿನ ದಿನವೇ ಫೋನ್ ಮಾಡಿ "ಡಾಕ್ಟರ್ ಬೇಡ ಹೇಳಿದ್ದಾರೆ, ಬಂದವರೆದುರು ಒತ್ತಾಯ ಮಾಡಬೇಡ" ಎಂದು ಹೇಳಿಬಿಡಿ. ಹೋದ ಕೂಡಲೇ ಗ್ಲಾಸ್ ತುಂಬ ಲಿಂಬೆ ಸೋಡಾ ಹಿಡಿದುಕೊಳ್ಳಿ. ಖಾಲಿ ಕೈ ಕಂಡರೆ ಯಾರಾದರೂ ತುಂಬಿಸುತ್ತಾರೆ. ಐಸ್ ಬೇಡ, ಆ ನೀರು ಎಲ್ಲಿಯದೋ. ಊಟ ಶುರುವಾದ ಕೂಡಲೇ ಉಂಡು ಹೊರಡಿ. ವಾಪಸ್ ಬರಲು ಸ್ವಂತ ಗಾಡಿ ಇರಲಿ. ಕುಡಿದವನ ಕಾರಿಗೆ ಕಾಯುತ್ತಾ ಕುಳಿತವರು ಹನ್ನೊಂದು ಗಂಟೆಗೆ ಗ್ಲಾಸ್ ಎತ್ತುತ್ತಾರೆ.

ನಮ್ಮ ಕಡೆಯ ದೈವ ಕೊರಗಜ್ಜನ ಅಗೆಲಿನಲ್ಲಿ ಪ್ರಸಾದ ಎಂದು ಮದ್ಯ ಕೊಟ್ಟರೆ? ಕಣ್ಣಿಗೆ ಒತ್ತಿಕೊಂಡು ಮನೆಯ ಇನ್ನೊಬ್ಬರ ಕೈಗೆ ಕೊಡಿ. ಚಕ್ಕುಲಿ, ಕೋಳಿ ನಿಮ್ಮ ಪಾಲಿಗೆ ಇರಲಿ. ನನ್ನ ಅಜ್ಜಿಯ ಪ್ರಕಾರ ಕೊರಗಜ್ಜನಿಗೆ ನಮ್ಮ ಜ್ವರ ಜಾಂಡೀಸ್ ಎಲ್ಲ ಗೊತ್ತುಂಟು.

ಆಲ್ಕೋಹಾಲ್ ಇಲ್ಲದ ಬಿಯರ್ ಬಗ್ಗೆ: ಕೆಲವದರಲ್ಲಿ ಶೇ 0.0, ಕೆಲವದರಲ್ಲಿ ಶೇ 0.5ರವರೆಗೆ ಇರುತ್ತದೆ. ಲೇಬಲ್ ನೋಡಿ. ಮೊದಲು ದಿನಾ ಕುಡಿಯುತ್ತಿದ್ದವರಿಗೆ ಅದರ ರುಚಿಯೇ ಹಳೆಯ ದಾರಿ ನೆನಪಿಸುತ್ತದೆ, ಅವರಿಗೆ ಬೇಡ.

## ಹಂತ 7: ಕುಡಿದೇ ಬಿಟ್ಟರೆ

ಆಯ್ತು, ಕುಡಿದಿರಿ. ಮುಚ್ಚಿಡುವುದರಿಂದ ಆಗುವ ಹಾನಿ ಇನ್ನೂ ಜಾಸ್ತಿ.

ಎಷ್ಟು, ಯಾವಾಗ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮರುದಿನದ ತಲೆನೋವಿಗೆ ಪ್ಯಾರಾಸಿಟಮಾಲ್ ನುಂಗಬೇಡಿ, ನೀರು ಕುಡಿದು ಮಲಗಿ. "ಹೇಗೂ ತಪ್ಪಿತು" ಎಂದು ಎರಡನೇ ದಿನ ಮುಂದುವರಿಸಬೇಡಿ. ಒಂದು ಸಲದ ಎರಡು ಪೆಗ್‌ಗಿಂತ ಆಮೇಲಿನ ವಾರವೇ ಜನರನ್ನು ಕೆಡಿಸುವುದು. ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ಪರೀಕ್ಷೆಯನ್ನು ಬೇಗ ಮಾಡಬೇಕಾ ಎಂದು ಕೇಳಿ. ಎರಡು ವಾರ ಮೂತ್ರದ ಬಣ್ಣ ನೋಡುತ್ತಿರಿ. ಸಾಕಷ್ಟು ನೀರು ಕುಡಿದರೂ ಗಾಢ ಬಣ್ಣ, ಮಣ್ಣು ಬಣ್ಣದ ಮಲ, ಮೈ ತುರಿಕೆ, ಮೀನಿನ ವಾಸನೆಗೇ ವಾಕರಿಕೆ ಇವು ಕಂಡರೆ ಕಾಯದೆ ರಕ್ತ ಪರೀಕ್ಷೆ ಮಾಡಿಸಿ. ಮೀನು ಎಂದರೆ ಪ್ರಾಣ ಬಿಡುವ ಮನುಷ್ಯ ಬಂಗುಡೆ ಪುಳಿಮುಂಚಿ ಬೇಡ ಎಂದರೆ ನಮ್ಮ ಮನೆಗಳಲ್ಲಿ ಅದಕ್ಕಿಂತ ಸ್ಪಷ್ಟ ಚಿಹ್ನೆ ಬೇರೆ ಇಲ್ಲ.

ಎರಡು ಮೂರು ಸಲ ಇದೇ ಹಂತಕ್ಕೆ ಬಂದರೆ ಅದು ಲಿವರ್ ಪ್ರಶ್ನೆಯಾಗಿ ಉಳಿದಿಲ್ಲ. ಹಂತ 2ಕ್ಕೆ ವಾಪಸ್ ಹೋಗಿ, 14446ಕ್ಕೆ ಕರೆ ಮಾಡಿ.

## ಹಂತ 8: ಅವಧಿ ಮುಗಿದ ಮೇಲೆ

ಮತ್ತೆ ಶುರು ಮಾಡಲೇಬೇಕು ಎಂದೇನೂ ಇಲ್ಲ. ಆರು ತಿಂಗಳು ಬಿಟ್ಟ ಮೇಲೆ ನನಗೆ ಅಷ್ಟು ಬೇಕೆನಿಸಲಿಲ್ಲ, ತೂಕವೂ ಇಳಿದಿತ್ತು. ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಎಂಬ ಸುರಕ್ಷಿತ ಪ್ರಮಾಣ ಮದ್ಯಕ್ಕೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಆದರೂ ಕುಡಿಯುವವರು ಕುಡಿಯುತ್ತಾರೆ. ಅವರಿಗೆ: ಎ ಅಥವಾ ಇ ಬಂದು ಪೂರ್ತಿ ವಾಸಿಯಾದವರು, ಅಲ್ಟ್ರಾಸೌಂಡಿನಲ್ಲಿ ಫ್ಯಾಟಿ ಲಿವರ್ ಇಲ್ಲದವರು, ಶುಗರ್ ಹಿಡಿತದಲ್ಲಿ ಇರುವವರು ಮಾತ್ರ ಡಾಕ್ಟರ ಬಳಿ ಈ ವಿಷಯ ಎತ್ತಿ. ಮೊದಲ ಸಲ ಹೊಟ್ಟೆ ತುಂಬಿದ ಮೇಲೆ ಒಂದೇ ಪೆಗ್, ಆಮೇಲೆ ಕೆಲವು ದಿನ ಏನೂ ಇಲ್ಲ. ಮೊದಲಿನ ಅಳತೆ ಈಗ ಲೆಕ್ಕಕ್ಕಿಲ್ಲ, ಆರು ತಿಂಗಳು ಬಿಟ್ಟ ದೇಹಕ್ಕೆ ಹಳೆಯ ಮೂರು ಪೆಗ್ ಐದರ ಹಾಗೆ ಹೊಡೆಯುತ್ತದೆ. ಒಂದು ತಿಂಗಳ ನಂತರ ಎಸ್‌ಜಿಪಿಟಿ ಇನ್ನೊಮ್ಮೆ ನೋಡಿ. ಏರಿದ್ದರೆ ಉತ್ತರ ಸಿಕ್ಕಿತು.

ಎ ಒಮ್ಮೆ ಬಂದು ಪೂರ್ತಿ ವಾಸಿಯಾದರೆ ಮತ್ತೆ ಬರುವುದಿಲ್ಲ. ಆದರೆ ಎ ಬಂದವರಿಗೆ ಇ ಬರಬಹುದು, ಬಿ ಬರಬಹುದು. ಬಿ ಗೆ ಲಸಿಕೆ ಉಂಟು: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಒಟ್ಟು ಮೂರು ಡೋಸ್. ಆರನೇ ತಿಂಗಳ ರಿಪೋರ್ಟ್ ತೋರಿಸಲು ಹೋದ ದಿನವೇ ಮೊದಲ ಡೋಸ್ ಬಗ್ಗೆ ಕೇಳಿ. ಬಾವಿ ನೀರು ಕುಡಿಯುವ ಮನೆಯವರು ಮಳೆಗಾಲ ಪೂರ್ತಿ ನೀರು ಕೊತಕೊತ ಕುದಿಸಿ ಒಂದು ನಿಮಿಷ ಬಿಡಿ.

ಇಷ್ಟಾದ ಮೇಲೆ ನೋಟ್‌ಬುಕ್ ಎಸೆಯಬೇಡಿ. ಮುಂದಿನ ಮಳೆಗಾಲಕ್ಕೆ ಪಕ್ಕದ ಮನೆಯವರು ಕೇಳಿಕೊಂಡು ಬರುತ್ತಾರೆ.